ಹಬ್ಬದ ದಿನ ಬಂದವರಿಗೆ ಏನು ಕೊಡೋಣ?



ಯುಗಾದಿ ಬಂತು. ಮಾರ್ಚ್ 19ರ ಗುರುವಾರ ಹಬ್ಬ. ವಿಶ್ವಾವಸು ಸಂವತ್ಸರ ಕಳೆದು ಪರಾಭವ ಶುರುವಾಗುತ್ತದೆ. "ಹೆಸರಿನಲ್ಲೇ ಸೋಲು ಇದೆಯಲ್ಲ, ಈ ವರ್ಷ ಹಬ್ಬ ಜೋರಾಗಿ ಮಾಡಬಹುದಾ ಗುರುಗಳೇ" ಅಂತ ಕೆಲವರು ಕೇಳಿದ್ದಾರೆ. ಅರವತ್ತು ಹೆಸರುಗಳ ಚಕ್ರದಲ್ಲಿ ಅದೂ ಒಂದು ಹೆಸರು. 1966ರಲ್ಲೂ ಇದೇ ಪರಾಭವ ಬಂದಿತ್ತು, ಆಗಲೂ ನಮ್ಮ ಮನೆಗಳಲ್ಲಿ ಹೋಳಿಗೆ ಬೆಂದಿತ್ತು. ಹೆಸರಿಗೆ ಹೆದರಿ ಹೂರಣ ಕಡಿಮೆ ಮಾಡಬೇಡಿ. ಆ ವಿಷಯ ಅಷ್ಟಕ್ಕೆ ಮುಗಿಯಿತು.

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಬ್ಬಕ್ಕೆ ಬರುವವರ ಊಟ, ತಿಂಡಿ, ಪಾನೀಯದ ಬಗ್ಗೆ. ಆರಿಸಿಕೊಂಡ ನಾಲ್ಕೂ ನಮ್ಮ ದಾವಣಗೆರೆ ಸೀಮೆಯವರದೇ ಆಗಿಬಿಟ್ಟಿವೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಜಿಲ್ಲೆ ಒಂದಾಯಿತು, ಒಲೆ ಒಂದಾಗಲಿಲ್ಲ. ಅಡಿಕೆ ತೋಟದ ಕಡೆಯವರ ಹಬ್ಬದಡುಗೆಯಲ್ಲಿ ಮಲೆನಾಡಿನ ವಾಸನೆ ಇದೆ. ಜಗಳೂರಿನವರದು ಶಾವಿಗೆ, ಶೇಂಗಾ ಹೋಳಿಗೆ, ಕಟ್ಟಿನ ಸಾರು. ಆದ್ದರಿಂದ ಯಾರಾದರೂ "ನಮ್ಮ ಕಡೆ ಹೀಗೆ" ಅಂದರೆ ನಾನು ಮೊದಲು ಕೇಳಿಸಿಕೊಳ್ಳುತ್ತೇನೆ. ಧರ್ಮಶಾಸ್ತ್ರವೂ ದೇಶಾಚಾರ, ಕುಲಾಚಾರಕ್ಕೆ ಜಾಗ ಕೊಟ್ಟಿದೆ. ಆದರೆ ಆಚಾರ ಬೇರೆ, ಆಚಾರದ ಹೆಸರಿನಲ್ಲಿ ಯಾರೋ ನಿನ್ನೆ ಮೊನ್ನೆ ಸೇರಿಸಿದ ಮಾತು ಬೇರೆ. ಎರಡನೆಯ ಪತ್ರ ಓದುವಾಗ ಇದು ನೆನಪಿರಲಿ.

ಪ್ರಶ್ನೆ: ನಮ್ಮದು ಚನ್ನಗಿರಿ. ಈಗ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ರಾಮನವಮಿಗೆ ಐವತ್ತು ಜನರನ್ನು ಕರೆದಿದ್ದೇವೆ. ಪಾನಕಕ್ಕೆ ಐಸ್, ಸೋಡಾ ಹಾಕಬಹುದೇ? ಮಕ್ಕಳು ಬಾಟಲಿ ಜ್ಯೂಸೇ ಸಾಕು ಅಂತಾರೆ. ಊಟ ಹೊರಗಿನಿಂದ ತರಿಸಿದರೆ ಅದೇ ನೈವೇದ್ಯಕ್ಕೆ ಆಗುತ್ತದೆಯೇ?

ಉತ್ತರ: ಮೊದಲು ನೈವೇದ್ಯ ಆಗಲಿ, ಐಸಿನ ಮಾತು ಆಮೇಲೆ. ಪಾನಕ ಕಲಸಿದ ಕೂಡಲೇ ಯಾರೂ ರುಚಿ ನೋಡುವ ಮೊದಲು ಒಂದು ಚಿಕ್ಕ ಪಾತ್ರೆಗೆ ತೆಗೆದಿಡಿ. ದೇವರ ಮುಂದೆ ನೀರಿನಲ್ಲಿ ಚೌಕಾಕಾರ ಬರೆದು ಅದರ ಮೇಲೆ ಪಾತ್ರೆ ಇಡಿ, ತುಳಸಿ ಹಾಕಿ, ಪ್ರೋಕ್ಷಿಸಿ, ಪ್ರಾಣಾಹುತಿ ಮಂತ್ರ ಬಂದರೆ ಹೇಳಿ, ಬಾರದಿದ್ದರೆ ರಾಮನಾಮ ಹೇಳಿ ಒಂದು ನಿಮಿಷ ಕಣ್ಣು ಮುಚ್ಚಿ. ಈ ಒಂದು ನಿಮಿಷವನ್ನು ಮಾತ್ರ ಬಿಡಬೇಡಿ. ಊಟಕ್ಕೆ ಕೂತವರ ಎದುರಿನಿಂದ ತಟ್ಟೆ ಎಳೆದುಕೊಂಡ ಹಾಗೆ ಗಂಟೆ ಬಾರಿಸಿ ತಕ್ಷಣ ಎತ್ತುವವರೇ ಜಾಸ್ತಿ. ಇಷ್ಟಲಿಂಗಕ್ಕೆ ತೋರಿಸಿ ಉಣ್ಣುವ ಮನೆಯವರು ತಮ್ಮ ಕ್ರಮದಲ್ಲೇ ಮಾಡಲಿ. ನೈವೇದ್ಯ ಆದದ್ದನ್ನು ದೊಡ್ಡ ಪಾತ್ರೆಗೆ ಬೆರೆಸಿದರೆ ಅಷ್ಟೂ ಪ್ರಸಾದವಾಯಿತು. ಆಮೇಲೆ ಐಸ್ ಬೇಕಾದವರ ಲೋಟಕ್ಕೆ ಐಸ್ ಹಾಕಿ, ದೋಷವಿಲ್ಲ. ನನ್ನನ್ನು ಕೇಳಿದರೆ ಹಿಂದಿನ ರಾತ್ರಿಯೇ ಮಣ್ಣಿನ ಹೂಜಿಯಲ್ಲಿ ನೀರು ತುಂಬಿಟ್ಟರೆ ಐಸಿನ ನೆನಪೇ ಬರುವುದಿಲ್ಲ. ಸೋಡಾ ಬೇಡ. ಶಾಸ್ತ್ರ ಬೇಡ ಅಂದಿದೆ ಅಂತಲ್ಲ, ಶುಂಠಿ ಕಾಳುಮೆಣಸಿನ ಖಾರದ ಮೇಲೆ ಸೋಡಾದ ಖಾರವೂ ಸೇರಿದರೆ ವಯಸ್ಸಾದವರಿಗೆ ನೆತ್ತಿ ಹತ್ತುತ್ತದೆ.

ಐವತ್ತು ಜನಕ್ಕೆ ಚಿಕ್ಕ ಲೋಟದಲ್ಲಿ ಕೊಟ್ಟರೆ ಏಳೂವರೆ ಎಂಟು ಲೀಟರ್ ಬೇಕು. ಕಾಯಿಸಿ ಆರಿಸಿದ ನೀರು ತೆಗೆದುಕೊಳ್ಳಿ. ಬೆಲ್ಲ ಒಂದೂಕಾಲು ಕಿಲೋ. ಕಪ್ಪಗಿನ ಬೆಲ್ಲವೇ ಒಳ್ಳೆಯದು, ಹಳದಿ ಹೊಳಪಿಗೆ ಮರುಳಾಗಬೇಡಿ. ಬೆಲ್ಲವನ್ನು ಕರಗಿಸಿ ಸೋಸಲೇಬೇಕು, ತಳದಲ್ಲಿ ಮರಳು ಇರುತ್ತದೆ. ಒಣಶುಂಠಿ ಪುಡಿ ನಾಲ್ಕು ಚಮಚ, ಇಪ್ಪತ್ತೈದು ಏಲಕ್ಕಿ, ಒಂದು ದೊಡ್ಡ ಚಮಚ ಕಾಳುಮೆಣಸು ಕುಟ್ಟಿದ್ದು, ಹತ್ತು ಹನ್ನೆರಡು ನಿಂಬೆಹಣ್ಣು. ಅಳತೆ ಇಟ್ಟುಕೊಂಡರೆ ರುಚಿ ನೋಡುವ ಪ್ರಸಂಗವೇ ಬರುವುದಿಲ್ಲ. ಇನ್ನೊಂದು ಮುಖ್ಯ ಮಾತು. ದೇವರ ಕೆಲಸ ಅಂತ ಅಟ್ಟದ ಮೇಲಿದ್ದ ಅಜ್ಜಿ ಕಾಲದ ಹಿತ್ತಾಳೆ ಕೊಳಗ ಇಳಿಸುತ್ತೀರಿ. ಕಲಾಯಿ ಹೋದ ಹಿತ್ತಾಳೆ, ತಾಮ್ರದಲ್ಲಿ ನಿಂಬೆಹುಳಿ, ಮಜ್ಜಿಗೆ ಇಟ್ಟರೆ ಕಿಲುಬು ಬಿಡುತ್ತದೆ, ಕುಡಿದವರಿಗೆ ಹೊಟ್ಟೆ ತೊಳಸುತ್ತದೆ. ಕಲಾಯಿ ಹಾಕಿಸಿ ಬಳಸಿ, ಇಲ್ಲವಾದರೆ ಸ್ಟೀಲೇ ಇರಲಿ.

ಕೋಸಂಬರಿಗೆ ಒಂದು ಕಿಲೋ ಹೆಸರುಬೇಳೆ ಒಂದೂವರೆ ಗಂಟೆ ನೆನೆಯಲಿ, ಒಂದೂವರೆ ಕಿಲೋ ಎಳೆ ಸೌತೆಕಾಯಿ, ಮೂರು ತೆಂಗಿನಕಾಯಿ. ಉಪ್ಪು ಬಡಿಸುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ತೊವ್ವೆಯಂತಾಗುತ್ತದೆ. ಚೈತ್ರದ ಬಿಸಿಲಿಗೆ ಪಾನಕ, ನೀರುಮಜ್ಜಿಗೆ, ಕೋಸಂಬರಿ ಅಂತ ಹಿರಿಯರು ಗೊತ್ತುಮಾಡಿದ್ದು ನಾಲಿಗೆಯ ರುಚಿಗೊಂದೇ ಅಲ್ಲ, ಆ ಬಿಸಿಲಿನಲ್ಲಿ ನಡೆದುಬಂದವನ ದೇಹ ಕೇಳುವುದೇ ಅವು ಮೂರನ್ನು. ರಾಮ ಹುಟ್ಟಿದ್ದು ನಡುಹಗಲಿನಲ್ಲಿ, ಆದ್ದರಿಂದ ಮಧ್ಯಾಹ್ನಕ್ಕೆ ನವಮಿ ಇರುವ ದಿನವನ್ನು ನೋಡುತ್ತಾರೆ. ನಿಮ್ಮ ಮನೆಯ ಪಂಚಾಂಗದ ಪ್ರಕಾರ ಮಾಡಿ. ಬಾಟಲಿ ಜ್ಯೂಸು ಮಕ್ಕಳಿಗೆ ಕೊಡಬೇಕೆನಿಸಿದರೆ ಇನ್ನೊಂದು ದಿನ ಕೊಡಿ. ಆ ಮಕ್ಕಳ ಕೈಯಲ್ಲೇ ಬೆಲ್ಲ ಕುಟ್ಟಿಸಿ, ನಿಂಬೆ ಹಿಂಡಿಸಿ ನೋಡಿ, ತಾವು ಮಾಡಿದ್ದನ್ನು ಎಲ್ಲರಿಗಿಂತ ಮುಂಚೆ ಕುಡಿಯುತ್ತಾರೆ.

ಹೊರಗಿನ ಊಟ ಐವತ್ತು ಜನಕ್ಕೆ ತರಿಸುವುದು ತಪ್ಪಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆ, ಮಾಡುವ ಕೈ ಎಷ್ಟಿದ್ದೀತು? ಆದರೆ ದೇವರಿಗೆ ಮಾತ್ರ ಮನೆಯ ಒಲೆಯ ಮೇಲೆ ಏನಾದರೊಂದು ಆಗಲಿ. ಒಂದು ಹಿಡಿ ಅನ್ನ, ತೊವ್ವೆ, ತುಪ್ಪ. ಅದೂ ಆಗದಿದ್ದರೆ ಹಾಲು, ಸಕ್ಕರೆ, ಬಾಳೆಹಣ್ಣು. ಎಲೆ, ಹೂವು, ಹಣ್ಣು, ನೀರು ಇಷ್ಟರಲ್ಲೇ ತೃಪ್ತನಾಗುತ್ತೇನೆ ಅಂತ ಗೀತೆಯಲ್ಲಿ ಭಗವಂತನೇ ಹೇಳಿರುವಾಗ ಅಂಗಡಿಯ ಹೋಳಿಗೆಯ ಡಬ್ಬಿಯನ್ನೇ ಅವನ ಮುಂದೆ ತೆರೆದಿಡುವ ಅಗತ್ಯವಿಲ್ಲ. ಚನ್ನಗಿರಿಯವರು ಅಂದಮೇಲೆ ಎಲೆ-ಅಡಿಕೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ತಾಂಬೂಲ ಕೊಡುವ ತನಕ ಅತಿಥಿಯ ಉಪಚಾರ ಮುಗಿಯುವುದಿಲ್ಲ. ಪ್ಲಾಸ್ಟಿಕ್ ಡಬ್ಬಿ, ಸ್ಟೀಲ್ ಬಟ್ಟಲು ಹಂಚುವ ಗಲಾಟೆಯಲ್ಲಿ ಎರಡು ವೀಳ್ಯದೆಲೆ ಮರೆತುಹೋಗಬಾರದು.

ಪ್ರಶ್ನೆ: ನಮ್ಮ ತಂದೆಯವರು ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಹೊನ್ನಾಳಿಯ ಮನೆಯಲ್ಲಿ ಒಬ್ಬರೇ ಇದ್ದ ಅಮ್ಮನನ್ನು ದಾವಣಗೆರೆಗೆ ಕರೆತಂದಿದ್ದೇವೆ. ವರ್ಷದೊಳಗೆ ಹೋಳಿಗೆ ಮಾಡಬಾರದು, ಯಾರನ್ನೂ ಊಟಕ್ಕೆ ಕರೆಯಬಾರದು ಅಂತ ನೆಂಟರು ಹೇಳುತ್ತಾರೆ. ಇನ್ನು ಮುಂದೆ ಅಮ್ಮ ನೈವೇದ್ಯದ ಅಡುಗೆ ಮುಟ್ಟಬಾರದು ಅಂತಲೂ ಅಂದರು, ಅವರ ಎದುರಿಗೇ. ನಲವತ್ತು ವರ್ಷ ಆ ಮನೆಯಲ್ಲಿ ಹೂರಣ ರುಬ್ಬಿದವರು ಅಮ್ಮನೇ. ಈಗ ಹಬ್ಬದ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾರೆ. ಏನು ಮಾಡಬೇಕು?

ಉತ್ತರ: ಇಲ್ಲಿ ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ಬಿಚ್ಚಿ ನೋಡೋಣ.

ಹತ್ತು ದಿನ ಸೂತಕ, ಹನ್ನೆರಡಕ್ಕೆ ಸಪಿಂಡೀಕರಣ, ಹದಿಮೂರಕ್ಕೆ ಶುಭಸ್ವೀಕಾರ. ಅಲ್ಲಿಗೆ ಮನೆ ಶುದ್ಧ. ನಿತ್ಯಪೂಜೆ, ನೈವೇದ್ಯ ನಿಲ್ಲುವ ಹಾಗಿಲ್ಲ. ಇದು ಮೊದಲನೆಯದು. ಕರ್ಮ ಮಾಡಿದ ಮಗ ವರ್ಷಾಂತಿಕದ ತನಕ ಸಂಭ್ರಮವನ್ನು ಕಡಿಮೆ ಮಾಡಿಕೊಳ್ಳುವುದು, ಮಂಗಳಕಾರ್ಯ ಮುಂದೂಡುವುದು ಎರಡನೆಯದು. ಅದು ಎಷ್ಟು ಅನ್ನುವುದು ಮನೆಯಿಂದ ಮನೆಗೆ ವ್ಯತ್ಯಾಸ. ಕೆಲವರ ಮನೆಯಲ್ಲಿ ಮೊದಲ ವರ್ಷ ಹೋಳಿಗೆ ಇಲ್ಲ, ಪಾಯಸ ಮಾಡುತ್ತಾರೆ. ಕೆಲವರಲ್ಲಿ ನೆಂಟರೇ ಅಡುಗೆ ತಂದು ಜೊತೆಗೆ ಕೂತು ಉಂಡು ಹೋಗುತ್ತಾರೆ. ನಿಮ್ಮ ಮನೆಯಲ್ಲಿ ಹೇಗಿತ್ತು ಅನ್ನುವುದನ್ನು ಬೇರೆ ಯಾರನ್ನೂ ಕೇಳಬೇಡಿ, ಅಮ್ಮನನ್ನೇ ಕೇಳಿ. ಆ ಮನೆಯ ಕುಲಾಚಾರ ಗೊತ್ತಿರುವವರು ಈಗ ಅವರೊಬ್ಬರೇ. ಬೇವು-ಬೆಲ್ಲಕ್ಕಂತೂ ಅಡ್ಡಿಯೇ ಇಲ್ಲ. ಅದು ಆಡಂಬರದ ವಸ್ತುವಲ್ಲ, ವರ್ಷವಿಡೀ ಬರುವುದನ್ನು ಸಮನಾಗಿ ನುಂಗಲಿಕ್ಕೆ ನಾಲಿಗೆಗೆ ಕಲಿಸುವ ಪಾಠ. ಈ ವರ್ಷ ಅದು ನಿಮಗಿಂತ ಯಾರಿಗೆ ಬೇಕು?

ಊಟಕ್ಕೆ ಯಾರನ್ನೂ ಕರೆಯಬಾರದು ಅನ್ನುವ ಮಾತು ನನಗೆ ಅರ್ಥವಾಗುವುದಿಲ್ಲ. ಪ್ರತಿ ತಿಂಗಳು ಮಾಸಿಕ ಮಾಡಿ ತಂದೆಯ ಹೆಸರಿನಲ್ಲಿ ಅನ್ನ ಹಾಕುತ್ತಿದ್ದೀರಲ್ಲ, ಆ ಮನೆಯಲ್ಲಿ ಅನ್ನಕ್ಕೆ ನಿಷೇಧ ಎಲ್ಲಿಂದ ಬಂತು? ಬಂದವರನ್ನು ಮನೆಯ ಬಾಗಿಲಿನಿಂದ ಹಿಂದೆ ಕಳಿಸಬಾರದು, ಅದಕ್ಕಾಗಿ ಅನ್ನವನ್ನು ಹೆಚ್ಚು ಮಾಡಿಟ್ಟುಕೊಂಡಿರಬೇಕು ಎಂಬುದು ತೈತ್ತಿರೀಯದ ಭೃಗುವಲ್ಲಿಯ ಉಪದೇಶ. ತೋರಣ, ಹೊಸಬಟ್ಟೆ ಬೇಡ ಅನಿಸಿದರೆ ಬಿಡಿ. ತಂದೆಯ ಇಬ್ಬರು ಸ್ನೇಹಿತರನ್ನು ಕರೆದು ಒಂದು ಊಟ ಹಾಕಿ. ಅವರು ತಂದೆಯ ಮಾತು ನಾಲ್ಕು ಆಡುತ್ತಾರೆ, ಅಮ್ಮ ಕೇಳಿಸಿಕೊಳ್ಳುತ್ತಾರೆ.

ಇನ್ನು ಮೂರನೆಯದು. ಅಮ್ಮ ನೈವೇದ್ಯದ ಅಡುಗೆ ಮುಟ್ಟಬಾರದಂತೆ! ಪಾಠಶಾಲೆಯಲ್ಲಿ ಓದಿದ ದಿನದಿಂದ ಇವತ್ತಿನ ತನಕ ಇಂಥ ನಿಷೇಧವನ್ನು ನಾನು ಯಾವ ಗ್ರಂಥದಲ್ಲೂ ಕಂಡಿಲ್ಲ. ಪತ್ರ ಓದಿ ನನಗೆ ಬಂದದ್ದು ಸಿಟ್ಟು, ಮುಚ್ಚಿಡುವುದಿಲ್ಲ. ನಮ್ಮ ಅಗ್ರಹಾರದ ಮನೆಗಳಲ್ಲಿ, ಮಠಗಳ ಆಸುಪಾಸಿನಲ್ಲಿ ಮಡಿ ಅಡುಗೆ ಮಾಡುತ್ತಿದ್ದವರು ಯಾರು? ಮಡಿ ಅಜ್ಜಿ. ಗಂಡ ಸತ್ತು ಹತ್ತಾರು ವರ್ಷವಾದ, ಬೆಳಗಿನ ಜಾವ ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲಿ ಒಲೆ ಹಚ್ಚಿದ ಆ ಅಜ್ಜಿಯ ಕೈಯ ಅಡುಗೆಯೇ ದೇವರಿಗೂ ಆಗುತ್ತಿತ್ತು, ಶ್ರಾದ್ಧಕ್ಕೂ ಆಗುತ್ತಿತ್ತು. ಅವರನ್ನು ಸಮಾಜ ನಡೆಸಿಕೊಂಡ ರೀತಿಯನ್ನು ನಾನು ಹೊಗಳುತ್ತಿಲ್ಲ, ಅದರಲ್ಲಿ ಬೇಕಾದಷ್ಟು ಕ್ರೌರ್ಯ ಇತ್ತು. ಆದರೆ ಅಷ್ಟು ಕಟ್ಟುನಿಟ್ಟಿನ ಕಾಲದಲ್ಲೂ ಅವರ ಕೈಯ ನೈವೇದ್ಯ ಮೈಲಿಗೆ ಅಂತ ಯಾರೂ ಅನ್ನಲಿಲ್ಲ. ಈಗ ಫ್ರಿಜ್ಜಿನಲ್ಲಿ ನಾಲ್ಕು ದಿನದ ಹಿಟ್ಟು ಇಟ್ಟುಕೊಂಡು ದೋಸೆ ಹುಯ್ಯುವವರು ಅಂದರೆ ನಾವು ನಂಬಬೇಕೆ?

ಅರಿಶಿನ-ಕುಂಕುಮ ಕೊಡುವುದು ಮುತ್ತೈದೆಯರ ಸಂಪ್ರದಾಯವಾಗಿ ಬಂದಿದೆ. ಅದರ ಮೇಲೆ ಹಬ್ಬದ ದಿನ ವಾದ ಬೇಡ ಅನ್ನುವುದಾದರೆ ಸೊಸೆಯೋ ಮಗಳೋ ಕುಂಕುಮ ಕೊಡಲಿ, ಹೂವು-ಹಣ್ಣು ಅಮ್ಮ ಕೊಡಲಿ. ಬೇವು-ಬೆಲ್ಲವನ್ನಂತೂ ಮನೆಯ ಹಿರಿಯರ ಕೈಯಿಂದಲೇ ತೆಗೆದುಕೊಳ್ಳಬೇಕು, ಅದಕ್ಕೆ ಮುತ್ತೈದೆತನದ ಲೆಕ್ಕ ಇಲ್ಲ. ಮೊಮ್ಮಕ್ಕಳು ಸಾಲಾಗಿ ನಿಲ್ಲಲಿ.

ಅವರನ್ನು ಅಡುಗೆಮನೆಗೆ ಕರೆಯುವುದು ಹೇಗೆ ಅಂತ ಯೋಚನೆಯೇ? "ಅಮ್ಮ, ನೀನು ಬೇಸರ ಮಾಡಿಕೊಳ್ಳಬೇಡ, ಬಾ" ಅಂದರೆ ಬರುವುದಿಲ್ಲ. ಬೇಳೆ ಬೇಯಲು ಇಟ್ಟು, "ಇಷ್ಟು ಬೆಂದರೆ ಸಾಕೇನಮ್ಮ?" ಅಂತ ಒಂದು ಕಾಳು ತಂದು ಕೈಗೆ ಕೊಡಿ. ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ಕರಗಿರಬಾರದು. ಈ ಹದ ಪುಸ್ತಕದಲ್ಲಿ ಸಿಗುವುದಿಲ್ಲ, ಅವರ ಬೆರಳಲ್ಲಿದೆ. ಕಟ್ಟು ಬಸಿದಿಟ್ಟುಕೊಳ್ಳುವುದು, ಬೇಳೆಯಷ್ಟೇ ತೂಕದ ಬೆಲ್ಲ, ನೀರು ಹಿಂಗುವ ತನಕ ಬಾಡಿಸುವುದು, ಕಣಕಕ್ಕೆ ಎಣ್ಣೆ ಎಷ್ಟು ಕುಡಿಸಬೇಕು, ಕಟ್ಟಿನ ಸಾರಿಗೆ ಒಂದು ಉಂಡೆ ಹೂರಣ ಯಾವಾಗ ಬಿಡಬೇಕು, ಎಲ್ಲವನ್ನೂ ಒಂದೊಂದಾಗಿ ಕೇಳಿ. ಮೂರನೆಯ ಪ್ರಶ್ನೆಗೆ ಅವರೇ ಎದ್ದು ಬರುತ್ತಾರೆ. ಈ ವರ್ಷ ಹೋಳಿಗೆ ಬೇಡ ಅಂತ ಅವರೇ ಅಂದರೆ ಹೆಸರುಬೇಳೆ ಪಾಯಸ ಅವರ ಕೈಯಲ್ಲಿ ಮಾಡಿಸಿ. ಆ ನೆಂಟರು ಬಂದಾಗ ಅದನ್ನೇ ಬಡಿಸಿ. ಯಾರು ಮಾಡಿದ್ದು ಅಂತ ಹೇಳಿಯೇ ಬಡಿಸಿ.

ಪ್ರಶ್ನೆ: ಹೆಸರು ಹಾಕಬೇಡಿ. ನಾನು ನ್ಯಾಮತಿಯವಳು, ಮದುವೆಯಾಗಿ ಬೆಂಗಳೂರಿಗೆ ಬಂದು ಹದಿನೆಂಟು ವರ್ಷ. ಯುಗಾದಿಯ ಮರುದಿನ ಸಂಜೆ ನಮ್ಮ ಯಜಮಾನರ ಆರೇಳು ಜನ ಸ್ನೇಹಿತರು ಬರುತ್ತಾರೆ. ಬಾಟಲಿ ಮನೆಯೊಳಗೇ ಬರುತ್ತದೆ. ಹಾಲ್‌ನಲ್ಲೇ ದೇವರ ಮಂಟಪ ಇದೆ, ಅದಕ್ಕೆ ಪರದೆ ಎಳೆಯುತ್ತಾರೆ. ನಾನು ಬೋಂಡ, ಶೇಂಗಾ ಕರಿದು ಕರಿದು ಕೊಡಬೇಕು. ಒಂದು ವರ್ಷ ಆಗುವುದಿಲ್ಲ ಅಂದಿದ್ದಕ್ಕೆ ಎಂಟು ದಿನ ಮಾತು ಬಿಟ್ಟರು. ಮಗಳು ಈಗ ಪಿಯುಸಿ. ಆ ಸಂಜೆ ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತಾಳೆ. ಕರಿದು ಕೊಟ್ಟ ನನಗೂ ದೋಷ ಬರುತ್ತದೆಯೇ? ಏನಾದರೂ ಶಾಂತಿ, ಪರಿಹಾರ ಇದೆಯೇ?

ಉತ್ತರ: ತಾಯೀ, ನಿಮಗೆ ದೋಷವಿಲ್ಲ. ಮನಸ್ಸಿಲ್ಲದೆ, ಮನೆಯ ಶಾಂತಿ ಕೆಡಬಾರದು ಅಂತ ಹೆದರಿ ಮಾಡಿದ ಕೆಲಸದ ಭಾರವನ್ನು ಮಾಡಿಸಿದವರು ಹೊರಬೇಕು. ಆದ್ದರಿಂದ ನಿಮಗೆ ಯಾವ ಹೋಮ, ಯಾವ ಶಾಂತಿಯೂ ಬೇಡ. ಬೇಕು ಅಂತ ಯಾರಾದರೂ ಪಟ್ಟಿ ಬರೆದುಕೊಟ್ಟರೆ ಆ ಪಟ್ಟಿಯನ್ನು ಅವರಿಗೇ ವಾಪಸ್ ಕೊಡಿ.

ಒಂದು ಮಾತು ಸ್ಪಷ್ಟವಾಗಲಿ. ಹಬ್ಬದ ಮರುದಿನ ಕರಿ, ವರ್ಷದ ತೊಡಕು ಅಂತ ಮಾಂಸದಡುಗೆ ಮಾಡುವ ಪದ್ಧತಿ ಎಷ್ಟೋ ಮನೆತನಗಳಲ್ಲಿ ತಲೆಮಾರುಗಳಿಂದ ಇದೆ. ಅದು ಅವರವರ ಕುಲಾಚಾರ, ಅದರ ಬಗ್ಗೆ ನಾನು ಮೂಗು ಮುರಿಯುವವನಲ್ಲ. ಗ್ರಾಮದೇವತೆಗೆ ಹೆಂಡ ಎಡೆಯಿಡುವ ಜಾತ್ರೆಗಳೂ ನಮ್ಮ ನಾಡಿನಲ್ಲಿವೆ. ಆದರೆ ನೀವು ಬರೆದದ್ದು ಆ ಯಾವುದೂ ಅಲ್ಲ. ಇಲ್ಲಿ ದೇವರಿಗೆ ಪರದೆ ಎಳೆದಿದ್ದಾರೆ. ಮಾಡುತ್ತಿರುವುದು ಸರಿ ಅಲ್ಲ ಅಂತ ಎಳೆದವರಿಗೇ ಗೊತ್ತು, ಅದಕ್ಕೇ ಎಳೆದಿದ್ದು. ಧರ್ಮಶಾಸ್ತ್ರ ಸುರಾಪಾನವನ್ನು ಪಂಚಮಹಾಪಾತಕಗಳಲ್ಲಿ ಸೇರಿಸಿದೆ. ಆ ಪಟ್ಟಿಯಲ್ಲಿ ಐದನೆಯದು, ಹಾಗೆ ಮಾಡುವವರ ಸಹವಾಸ. ಪರದೆ ದೇವರ ಕಣ್ಣಿಗೆ ಅಡ್ಡ ಬರುವುದಿಲ್ಲ. ಮಗಳ ಬಾಗಿಲೂ ಅವಳ ಕಿವಿಗೆ ಅಡ್ಡ ಬರುವುದಿಲ್ಲ.

ಈಗ ಮಾಡಬೇಕಾದದ್ದು. ಮಾತನ್ನು ಆ ಸಂಜೆ ಆಡಬೇಡಿ. ಸ್ನೇಹಿತರ ಎದುರು ಅವರ ಮುಖಭಂಗವಾದರೆ ಹಟ ಬೆಳೆಯುತ್ತದೆ. ನಾಲ್ಕೈದು ದಿನ ಮೊದಲು, ಅವರು ಸಮಾಧಾನದಲ್ಲಿರುವ ಹೊತ್ತು ನೋಡಿ ಹೇಳಿ. "ಬರಬೇಡಿ ಅನ್ನಿ" ಅಂತ ಹೇಳಬೇಡಿ, "ಎಲ್ಲರೂ ಬರಲಿ, ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬರಲಿ, ಊಟ ನನ್ನದು" ಅನ್ನಿ. ಏಳು ಜನ ಇಪ್ಪತ್ತಾಗುತ್ತಾರೆ, ಅಡುಗೆ ಹೆಚ್ಚಾಗುತ್ತದೆ, ನಿಜ. ಆದರೆ ಆ ಮನೆಗಳ ಹೆಂಗಸರೂ ನಿಮ್ಮಂತೆಯೇ ಎಲ್ಲೋ ಕೂತು ಗಡಿಯಾರ ನೋಡುತ್ತಿರುತ್ತಾರೆ. ಅವರಲ್ಲಿ ಇಬ್ಬರಿಗೆ ನೀವೇ ಫೋನ್ ಮಾಡಿ. ಮಕ್ಕಳು ಓಡಾಡುವ ಹಾಲ್‌ನಲ್ಲಿ ಬಾಟಲಿ ತೆಗೆಯುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಬಿದಿಗೆಯ ಚಂದ್ರ ಕಾಣುವುದೇ ಸಂಜೆ ಸ್ವಲ್ಪ ಹೊತ್ತು. ಎಲ್ಲರನ್ನೂ ತಾರಸಿಗೆ ಕರೆದುಕೊಂಡು ಹೋಗಿ. ಚಂದ್ರನನ್ನು ನೋಡಿದ ಮೇಲೆ ಹಿರಿಯರಿಗೆ ನಮಸ್ಕಾರ ಮಾಡುವುದು ನಮ್ಮ ಕಡೆಯ ಪದ್ಧತಿ. ಮನೆಯಲ್ಲಿ ಅತ್ತೆ-ಮಾವ ಇದ್ದರೆ ಬಂದ ಸ್ನೇಹಿತರೂ ಅವರ ಕಾಲಿಗೆ ಬೀಳಲಿ. ಕೆಳಗೆ ಇಳಿದ ಕೂಡಲೇ ಕೈಗೆ ಲೋಟ ಬರಲಿ. ಒಂದು ಲೀಟರ್ ಗಟ್ಟಿ ಮೊಸರು ಕಡೆದು ನಾಲ್ಕು ಲೀಟರ್ ನೀರು, ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಜಜ್ಜಿ ಹಾಕಿ, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟರೆ ಇಪ್ಪತ್ತು ಜನಕ್ಕೆ ಖಾರದ ಮಜ್ಜಿಗೆ. ಜೊತೆಗೆ ನಮ್ಮ ದಾವಣಗೆರೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬೋಂಡ. ಹೇಗೂ ಕರಿಯುತ್ತೀರಿ, ಇಪ್ಪತ್ತು ಜನಕ್ಕೆ ಬಾಗಿಲು ತೆರೆದು ಕರಿಯಿರಿ. ಬೇಸಿಗೆಯ ಸಂಜೆಗೆ ಹೆಸರುಕಾಳಿನ ಪಾನಕವೂ ಹಿತ: ಹುರಿದು ನೆನೆಸಿ ರುಬ್ಬಿ ಹಾಲು ತೆಗೆದು ಬೆಲ್ಲ, ಏಲಕ್ಕಿ ಹಾಕುವುದು. ಯುಗಾದಿಯ ಕಲಶ ಇಟ್ಟಿದ್ದರೆ ಅದನ್ನು ಬೆಳಗ್ಗೆಯೇ ಯಥಾಸ್ಥಾನಂ ಅಂತ ಕದಲಿಸುವ ಆತುರ ಬೇಡ, ಆ ಸಂಜೆ ದೀಪ ಹಚ್ಚಿ ಪರದೆ ತೆರೆದೇ ಇಡಿ.

ಇಷ್ಟಾದರೂ ಅವರು ಬಾಟಲಿ ತಂದರೆ ನಿಮ್ಮ ಕೈಯಿಂದ ಬಡಿಸಬೇಡಿ. ಮಗಳನ್ನು ಕರೆದುಕೊಂಡು ದೇವಸ್ಥಾನಕ್ಕೋ ಗೆಳತಿಯ ಮನೆಗೋ ಹೋಗಿ. ಅದು ಪತಿಗೆ ಮಾಡುವ ಅವಿಧೇಯತೆ ಅಂತ ಯಾರಾದರೂ ಅಂದರೆ ನನ್ನ ಹೆಸರು ಹೇಳಿ. ಕೈ ಎತ್ತುವ ಮಟ್ಟಕ್ಕೆ ಬಂದರೆ ಅದು ವ್ರತ-ನಿಯಮದ ವಿಷಯವಲ್ಲ, ಈ ಅಂಕಣದ್ದೂ ಅಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ನಿಮ್ಮ ಅಣ್ಣತಮ್ಮಂದಿರಿಗೂ ತಿಳಿಸಿ.

ಈ ಪುಟ ನಿಮ್ಮ ಯಜಮಾನರ ಕೈಗೆ ಸಿಗುವ ಹಾಗೆ ಟೀಪಾಯಿಯ ಮೇಲೆ ಇಟ್ಟಿರಿ. ಸ್ವಾಮೀ, ನಿಮಗೆ ಎರಡು ಮಾತು. ಸ್ನೇಹಿತರನ್ನು ಮನೆಗೆ ಕರೆಯುವ ಮನಸ್ಸು ಇದೆಯಲ್ಲ, ಅದು ಗೃಹಸ್ಥನ ಲಕ್ಷಣ. ಅದಕ್ಕೆ ನಾನು ಸಂತೋಷಪಡುತ್ತೇನೆ. ಪಂಚಮಹಾಯಜ್ಞಗಳಲ್ಲಿ ಮನುಷ್ಯಯಜ್ಞ ಅಂದರೆ ಅತಿಥಿಪೂಜೆಯೇ. ಆದರೆ ಯಜ್ಞಕ್ಕೆ ಯಜಮಾನನ ಪಕ್ಕದಲ್ಲಿ ಪತ್ನಿ ಕೂರಬೇಕು. ನಿಮ್ಮ ಮನೆಯ ಯಜ್ಞದಲ್ಲಿ ಅವರು ಬಾಣಲೆಯ ಮುಂದೆ ಅಳುತ್ತಾ ನಿಂತಿದ್ದಾರೆ, ಮಗಳು ಚಿಲಕ ಹಾಕಿಕೊಂಡಿದ್ದಾಳೆ. ಬಂದ ಸ್ನೇಹಿತರು ರಾತ್ರಿ ಹನ್ನೊಂದಕ್ಕೆ ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಕು. ಅವರು ಕ್ಷೇಮವಾಗಿ ಮನೆ ಮುಟ್ಟಿದರೋ ಇಲ್ಲವೋ ಅನ್ನುವ ಜವಾಬ್ದಾರಿ ಬಡಿಸಿದ ಗೃಹಸ್ಥನದು. ಈ ಸಲ ಒಂದು ಸಂಜೆ ಬಿಟ್ಟು ನೋಡಿ. ಸ್ನೇಹ ಬಾಟಲಿಯದ್ದೋ ನಿಮ್ಮದೋ ಅಂತ ನಿಮಗೂ ತಿಳಿಯುತ್ತದೆ.

ಪ್ರಶ್ನೆ: ನನ್ನ ತವರು ಜಗಳೂರು ಹತ್ತಿರದ ಹಳ್ಳಿ. ಯುಗಾದಿಗೆ ನಾವು ಮೂವರು ಅಕ್ಕತಂಗಿಯರ ಕುಟುಂಬ, ಒಟ್ಟು ಹದಿನಾರು ಜನ, ಬೆಂಗಳೂರಿನಿಂದ ಹೋಗುತ್ತೇವೆ. ಹೋದ ವರ್ಷ ತಮ್ಮ ಸಾಲ ಮಾಡಿ ತುಪ್ಪ, ಬೇಳೆ, ಬಟ್ಟೆ ತಂದಿದ್ದ ಅಂತ ಆಮೇಲೆ ತಿಳಿಯಿತು. ಸಾಮಾನು ನಾವೇ ಒಯ್ಯೋಣ ಅಂದರೆ, ಹೆಣ್ಣುಮಗಳು ತವರಿಗೆ ಬೇಳೆ-ಬೆಲ್ಲ ಹೊತ್ತುಕೊಂಡು ಹೋಗಬಾರದು, ಅವಮಾನ ಅಂತಾರೆ. ಹಾಗೆ ಶಾಸ್ತ್ರ ಇದೆಯೇ?

ಉತ್ತರ: ಇಲ್ಲ. ದೇವರು, ಗುರು, ಹಿರಿಯರು ಇರುವಲ್ಲಿಗೆ ಬರಿಗೈಯಲ್ಲಿ ಹೋಗಬಾರದು ಅಂತ ಇದೆ. ನಿಮ್ಮ ತವರಿನಲ್ಲಿ ಮನೆದೇವರು ಇದ್ದಾನೆ, ಹಿರಿಯರ ಫೋಟೋ ಇದೆ. ದೇವರ ಪಡಿ ಅಂತ ಹೇಳಿ ಒಯ್ಯಿರಿ; ದೇವರಿಗೆ ತಂದ ಪಡಿಯನ್ನು ಬೇಡ ಅನ್ನುವ ಅಧಿಕಾರ ತಮ್ಮನಿಗೂ ಇಲ್ಲ. ಆದರೆ ಕೊಡುವ ರೀತಿ ಇದೆ. ಎಲ್ಲರ ಎದುರು ಕಾರಿನ ಡಿಕ್ಕಿ ತೆರೆದು ಚೀಲ ಇಳಿಸಿ ಸಾಲಾಗಿ ಇಡಬೇಡಿ. ಹಬ್ಬದ ಹಿಂದಿನ ದಿನವೇ ಹೋಗಿ, ಹಿತ್ತಲ ಬಾಗಿಲಿನಿಂದ ತಮ್ಮನ ಹೆಂಡತಿಯ ಕೈಗೆ ಕೊಡಿ. ಲೆಕ್ಕ ಗೊತ್ತಿರುವವಳು ಅವಳು. ಮೂವರು ಅಕ್ಕತಂಗಿಯರು ಹಂಚಿಕೊಂಡರೆ ಒಬ್ಬರಿಗೂ ಭಾರವಲ್ಲ. ಈ ಸಲ ನಮಗೆ ಬಟ್ಟೆ ಬೇಡ, ಕಣದ ಖರ್ಚು ಬೇಡ ಅಂತ ನೀವೇ ಮೊದಲು ಫೋನಿನಲ್ಲಿ ಹೇಳಿಬಿಡಿ. ಅವನು ಸಾಲಕ್ಕೆ ಹೋಗುವ ಮೊದಲು ಹೇಳಬೇಕು.

ಮಳೆ ನಂಬಿದ ಸೀಮೆ ಅದು. ಅಲ್ಲಿಗೆ ಹೋಗಿ ಬೆಂಗಳೂರಿನ ಊಟ ಕೇಳಬೇಡಿ, ಮಕ್ಕಳಿಗೂ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಮನೆಯಲ್ಲಿ ಹೊಸೆದ ಶಾವಿಗೆ ಬಸಿದು ಬೆಲ್ಲದ ಹಾಲು ಹಾಕಿ ಕೊಟ್ಟರೆ ಅದಕ್ಕೆ ಸಮ ಯಾವುದಿದೆ? ಶೇಂಗಾ ಹೋಳಿಗೆಗೆ ತುಪ್ಪ ಸುರಿಯಬೇಕಿಲ್ಲ, ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿದ ಶೇಂಗಾ, ಬೆಲ್ಲ, ಏಲಕ್ಕಿ ಅಷ್ಟೇ. ವಾರವಾದರೂ ಕೆಡುವುದಿಲ್ಲ, ವಾಪಸ್ ಬರುವಾಗ ಬುತ್ತಿಗೂ ಆಗುತ್ತದೆ. ಕೂರಲು ಚಾಪೆ, ಇರಲು ಜಾಗ, ಕುಡಿಯಲು ನೀರು, ನಾಲ್ಕು ಒಳ್ಳೆ ಮಾತು. ಸಜ್ಜನರ ಮನೆಯಲ್ಲಿ ಇವು ನಾಲ್ಕಕ್ಕೆ ಯಾವತ್ತೂ ಬರ ಇಲ್ಲ ಅಂತ ಮನು ಹೇಳುತ್ತಾನೆ. ನಿಮ್ಮ ತಮ್ಮನ ಮನೆಯಲ್ಲಿ ನಾಲ್ಕೂ ಇವೆ. ಬೇಳೆ, ಬೆಲ್ಲ ನೀವು ತನ್ನಿ.

ಇನ್ನೆರಡು ಚಿಕ್ಕ ಪ್ರಶ್ನೆ.

ಅತ್ತೆಗೆ ಸಕ್ಕರೆ ಕಾಯಿಲೆ, ಪೂಜೆ ಮುಗಿದು ನೆಂಟರ ಊಟ ಆಗುವ ತನಕ ಅವರು ಉಪವಾಸ ಇರಬೇಕೇ, ಪ್ರಸಾದ ಬೇಡ ಅಂದರೆ ದೋಷವೇ ಎಂದು ಒಬ್ಬರು ಕೇಳಿದ್ದಾರೆ. ಅತಿಥಿಗಳಿಗಿಂತ ಮೊದಲೇ ಉಣ್ಣಿಸಬಹುದಾದವರ ಪಟ್ಟಿಯನ್ನು ಮನುವೇ ಕೊಟ್ಟಿದ್ದಾನೆ: ಹೊಸದಾಗಿ ಮದುವೆಯಾದ ಹೆಣ್ಣುಮಗಳು, ಕುಮಾರಿಯರು, ರೋಗಿಗಳು, ಗರ್ಭಿಣಿಯರು. ಹಿಂದೆ ಮುಂದೆ ನೋಡದೆ ಅವರಿಗೆ ಬಡಿಸಿ ಅಂತ. ಅತ್ತೆಯವರು ವೇಳೆಗೆ ಸರಿಯಾಗಿ ಉಂಡು ಮಾತ್ರೆ ತೆಗೆದುಕೊಳ್ಳಲಿ. ಪ್ರಸಾದ ಅಂದರೆ ಪ್ರಮಾಣವಲ್ಲ, ಕಣ್ಣಿಗೊತ್ತಿಕೊಂಡು ಒಂದು ಹನಿ ನಾಲಿಗೆಗೆ ಸಾಕು. ಸಕ್ಕರೆ ಆಗಲ್ಲ, ಬೆಲ್ಲವಾದರೆ ಪರವಾಗಿಲ್ಲ ಅನ್ನುವುದು ದೊಡ್ಡ ಭ್ರಮೆ. ರಕ್ತದಲ್ಲಿ ಬೆಲ್ಲವೂ ಸಕ್ಕರೆಯ ಹಾಗೆಯೇ ಏರುತ್ತದೆ. ಯುಗಾದಿಯಲ್ಲಿ ಅವರ ಪಾಲಿಗೆ ಬೇವು ಸ್ವಲ್ಪ ಮುಂದಿರಲಿ. ಮನೆಗೆ ಬಂದವರು ಸಾಕು ಅಂದಮೇಲೆ "ಇನ್ನೊಂದೇ ಒಂದು ಹೋಳಿಗೆ" ಅಂತ ಎಲೆಗೆ ಹಾಕುವ ಬಲವಂತದ ಉಪಚಾರವನ್ನೂ ಬಿಟ್ಟರೆ ಒಳ್ಳೆಯದು. ಅದರಿಂದ ಎಷ್ಟೋ ಜನ ಹಬ್ಬದ ಮರುದಿನ ವೈದ್ಯರ ಮುಂದೆ ಕೂತಿರುತ್ತಾರೆ.

ಉಳಿದ ಪಾನಕವನ್ನು ತುಳಸಿ ಗಿಡಕ್ಕೆ ಹಾಕಬಹುದೇ ಎಂದು ಇನ್ನೊಬ್ಬರು. ಹಾಕಬೇಡಿ, ಇರುವೆ ಮುತ್ತಿಕೊಂಡು ಗಿಡ ಹೋಗುತ್ತದೆ. ಅದೇ ಹೊತ್ತಿಗೆ ಬಾಗಿಲ ಸೆಕ್ಯೂರಿಟಿಯವರು, ಕಸ ಒಯ್ಯುವ ತಾಯಂದಿರು, ಬಿಸಿಲಿನಲ್ಲಿ ಪಾರ್ಸೆಲ್ ಹಿಡಿದು ನಿಂತ ಹುಡುಗ ಇರುತ್ತಾರಲ್ಲ, ತಣ್ಣಗಿರುವಾಗಲೇ ಅವರಿಗೆ ಒಂದೊಂದು ಲೋಟ ಕೊಡಿ. ಉಳಿದ ಮೇಲೆ ಅಲ್ಲ, ನೈವೇದ್ಯ ಆದ ಕೂಡಲೇ ಕೊಟ್ಟರೆ ಉಳಿಯುವುದೇ ಇಲ್ಲ.